ಮರುಳಸಿದ್ದಮ್ಮ ಕೊಟ್ಟ ಮಾತ್ರೆ

ತುಂಗಭದ್ರಾ ಡ್ಯಾಂ ಕ್ವಾರ್ಟರ್ಸಿನ ಆ ಸಾಲಿನಲ್ಲಿ ಯಾರಿಗೆ ತಲೆನೋವು ಬಂದರೂ ಮೊದಲು ತಟ್ಟುತ್ತಿದ್ದುದು ಮರುಳಸಿದ್ದಮ್ಮನ ಬಾಗಿಲನ್ನೇ. ಇಪ್ಪತ್ತು ವರ್ಷ ಅರೆತಲೆನೋವಿನಿಂದ ಒದ್ದಾಡಿದ ಜೀವ ಅದು. ಹೊಸಪೇಟೆಯ ಡಾಕ್ಟರು ಬರೆದುಕೊಟ್ಟ ಮಾತ್ರೆ ಅವಳ ಪಾಲಿಗೆ ದೇವರಾಗಿ ಬಂದಿತ್ತು. ಅಂಥ ದೇವರನ್ನು ಒಬ್ಬಳೇ ಇಟ್ಟುಕೊಳ್ಳುವುದು ಹೇಗೆ? ಕೇಳಿದವರಿಗೆಲ್ಲ ಶೀಟಿನಿಂದ ಒಂದೊಂದು ಕತ್ತರಿಸಿ ಕೊಡುತ್ತಿದ್ದಳು. ಜೊತೆಗೆ ಉಪದೇಶ ಪುಕ್ಕಟೆ.

ಆ ದಿನ ಬೆಳಿಗ್ಗೆ ಎದುರುಮನೆಯ ತಾಯಪ್ಪ ಬಂದ. ಕಾಲುವೆ ಆಫೀಸಿನ ವಾಚ್‌ಮನ್, ಮಾತು ಕಡಿಮೆ.

"ಅಕ್ಕಾರ, ತಲಿ ಭಾಳ ಸಿಡೀತೈತ್ರಿ. ಪ್ಯಾರಾಸಿಟಮಾಲ್ ಇದ್ರ ಒಂದು ಕೊಡ್ರಿ."

"ಅದ್ರಿಂದ ಏನಾಗ್ತೈತೋ? ಇದನ್ನ ನುಂಗು. ಅರ್ಧ ತಾಸಿನ್ಯಾಗ ತಲಿ ಹಗುರಾಗ್ತೈತಿ ನೋಡು."

ಎರಡು ವರ್ಷದ ಹಿಂದೆ ತಾಯಪ್ಪನ ಹೃದಯಕ್ಕೆ ಸ್ಟೆಂಟ್ ಹಾಕಿದ್ದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಆಸ್ಪತ್ರೆಗೆ ಹೋಗಿ ಎಳನೀರು ಕೊಟ್ಟು ಬಂದಿದ್ದಳು. ಆದರೆ ತಲೆಯ ಮಾತ್ರೆಗೂ ಎದೆಗೂ ಎಲ್ಲಿಯ ಸಂಬಂಧ?

ಆ ಸಂಬಂಧ ಹೇಳಿದವಳು ಸೊಸೆ ಶೈಲಜಾ. ತಾಯಪ್ಪ ಮಾತ್ರೆ ನುಂಗಿ ಹೋದ ಸುದ್ದಿ ಕೇಳಿದ್ದೇ ಒಲೆ ಆರಿಸಿ ಓಡಿ ಬಂದಳು.

"ಅತ್ತೀ, ಡಾಕ್ಟರು ನನ್ನ ಮುಂದನ ಹೇಳ್ಯಾರ್ರಿ! ಅದು ರಕ್ತನಾಳ ಬಿಗಿ ಮಾಡ್ತೈತಿ, ಹಾರ್ಟಿನ ತೊಂದ್ರಿ ಇದ್ದೋರು ಮುಟ್ಟಬಾರ್ದು ಅಂತ!"

ಮರುಳಸಿದ್ದಮ್ಮ ಬರಿಗಾಲಲ್ಲೇ ಎದುರುಮನೆಗೆ ಓಡಿದಳು. ತಾಯಪ್ಪ ಕಟ್ಟೆಯ ಮೇಲೆ ಕೂತು ಎದೆ ಒತ್ತಿಕೊಳ್ಳುತ್ತಿದ್ದ. ಮೈಯೆಲ್ಲ ಬೆವರು. ಶೈಲಜಾಳ ಮಗು ಮನೆಯಲ್ಲಿ ಮಲಗಿತ್ತು, ಅವಳು ಹೊರಡುವಂತಿರಲಿಲ್ಲ. ಶೈಲಜಾ ಮಾತ್ರೆಯ ಶೀಟನ್ನು ಅತ್ತೆಯ ಕೈಗೆ ತುರುಕಿ ಇಬ್ಬರನ್ನೂ ಆಟೋ ಹತ್ತಿಸಿದಳು. ಸಾಲಿನ ನಾಲ್ಕು ಜನ ಬೈಕಿನಲ್ಲಿ ಹಿಂದೆ ಬಂದರು. ಹೊಸಪೇಟೆಯ ರಸ್ತೆ ಅಷ್ಟು ಉದ್ದವಿದೆಯೆಂದು ಮರುಳಸಿದ್ದಮ್ಮನಿಗೆ ಅವತ್ತೇ ತಿಳಿದದ್ದು.

ಆಸ್ಪತ್ರೆಯಲ್ಲಿ ಇಸಿಜಿಯ ವೈರು ಅಂಟಿಸುತ್ತಲೇ ಡಾಕ್ಟರು ಕೇಳಿದರು: "ಬೆಳಿಗ್ಗೆಯಿಂದ ಏನು ಮಾತ್ರೆ ತಗೊಂಡ್ರಿ?"

ತಾಯಪ್ಪ ಮರುಳಸಿದ್ದಮ್ಮನ ಕಡೆ ನೋಡಿದ. ಬಾಗಿಲಲ್ಲಿ ನಿಂತ ಸಾಲಿನವರನ್ನೂ ನೋಡಿದ.

"ಬರೀ ಪ್ಯಾರಾಸಿಟಮಾಲ್ ರೀ. ಅಂಗಡ್ಯಾಗ ತಗೊಂಡೆ."

ಮರುಳಸಿದ್ದಮ್ಮನಿಗೆ ಹೋದ ಜೀವ ಬಂದಂತಾಯಿತು. ಇಷ್ಟಕ್ಕೇ ಮುಗಿದರೆ ಯಾರಿಗೂ ಏನೂ ಗೊತ್ತಾಗದು. ಹಾಗೆ ಹಾಯೆನಿಸಿದ ಆ ಒಂದು ಕ್ಷಣಕ್ಕೆ ಮುಂದೆ ಎಷ್ಟೋ ದಿನ ಅವಳು ತನಗೆ ತಾನೇ ಛೀಮಾರಿ ಹಾಕಿಕೊಂಡಳು. ಡಾಕ್ಟರು ನರ್ಸಿಗೆ ಯಾವುದೋ ಇಂಜೆಕ್ಷನ್ನಿನ ಹೆಸರು ಹೇಳತೊಡಗಿದರು.

"ಸುಳ್ಳು ರೀ!" ಅವಳ ದನಿ ಇಡೀ ವಾರ್ಡಿಗೆ ಕೇಳಿತು. "ಸುಳ್ಳು ಹೇಳಾಕತ್ತ್ಯಾನ. ನನ್ನ ಮಾತ್ರಿ ನಾನ ನುಂಗಿಸೀನ್ರಿ. ಇದ ನೋಡ್ರಿ!"

ಶೀಟು ಓದಿದ ಡಾಕ್ಟರ ಮುಖ ಬಿಗಿಯಾಯಿತು. "ಇದನ್ನ ಸ್ಟೆಂಟ್ ಹಾಕಿದವರಿಗೆ ಕೊಡ್ತಾರೇನಮ್ಮ? ಇನ್ನೊಬ್ಬರ ಮಾತ್ರೆ ಹಂಚೋಕೆ ಇದೇನು ಪ್ರಸಾದವಾ?" ಎಂದವರೇ ನರ್ಸಿಗೆ ಬೇರೆ ಔಷಧಿ ಹೇಳಿದರು. ಸಾಲಿನವರೆಲ್ಲ ಕೇಳಿಸಿಕೊಂಡರು.

ಮಧ್ಯಾಹ್ನದ ಹೊತ್ತಿಗೆ ತಾಯಪ್ಪನ ಎದೆಯ ಹಿಡಿತ ಬಿಟ್ಟಿತು. ಗಂಡಾಂತರ ದಾಟಿದೆ, ಎರಡು ದಿನ ಇಲ್ಲೇ ಇರಲಿ ಎಂದರು ಡಾಕ್ಟರು. ಒಳಗೆ ಹೋದ ಮರುಳಸಿದ್ದಮ್ಮನನ್ನು ಕಂಡು ತಾಯಪ್ಪ ಮೆಲ್ಲಗೆ ಕೇಳಿದ:

"ಎಲ್ಲಾರ ಮುಂದ ಯಾಕ ಹೇಳಿದ್ರಿ ಅಕ್ಕಾರ? ನಿಮ್ಮ ಮರ್ಯಾದಿ ಹೋಗಬಾರ್ದಂತ ನಾನು..."

"ನನ್ನ ಮರ್ಯಾದಿ ಉಳಿಸಾಕ ನೀ ಸಾಯಾಕ ಹೊಂಟಿದ್ದೇನೋ ಹುಚ್ಚಪ್ಪಾ?" ಎಂದವಳು ಮಂಚದ ಕಂಬಿ ಹಿಡಿದು ಬಿಕ್ಕಿ ಬಿಕ್ಕಿ ಅತ್ತಳು.