ತೊಟ್ಟಿಲ ಬಳೆಗೆ ತೂಗುದೀಪ

ಮಾವಿನ ಮಂಡಿ ವೆಂಕಟರಮಣಪ್ಪ ಮದರಾಸಿಗೆ ಹಣ್ಣು ಕಳಿಸಿ ಅಲ್ಲಿಂದ ಮೀನು ತಂದನಂತೆ ಎಂದು ಶ್ರೀನಿವಾಸಪುರದಲ್ಲಿ ಮೂರು ದಿನ ಇದೇ ಮಾತು. ಅದೂ ತಿನ್ನುವುದಕ್ಕಲ್ಲ, ನೋಡುವುದಕ್ಕೆ. ಜರ್ಮನಿಯ ಎರಡನೇ ಯುದ್ಧ ಶುರುವಾಗುವುದಕ್ಕೆ ಹಿಂದಿನ ವರ್ಷ ಅದು, ಜನಕ್ಕೆ ಆಡಿಕೊಳ್ಳಲು ಬೇರೆ ವಿಷಯವೂ ಇರಲಿಲ್ಲವೆನ್ನಿ. ಅವನ ಹಣ್ಣು ಕೊಳ್ಳುವ ಮದರಾಸಿನ ವ್ಯಾಪಾರಿ ವಿಶ್ವಾಸಕ್ಕೆಂದು ಒಂದು ಗಾಜಿನ ತೊಟ್ಟಿಯನ್ನೂ ನಾಲ್ಕು ಚಿನ್ನದ ಬಣ್ಣದ ಮೀನುಗಳನ್ನೂ ಕೊಟ್ಟಿದ್ದ. ತೊಟ್ಟಿಯನ್ನು ಹುಲ್ಲಿನಲ್ಲಿ ಸುತ್ತಿ, ಮೀನನ್ನು ನೀರಿನ ಡಬ್ಬದಲ್ಲಿ ಬಿಟ್ಟು, ಬೌರಿಂಗ್‌ಪೇಟೆಯಲ್ಲಿ ಸಣ್ಣ ರೈಲು ಹತ್ತುವ ಹೊತ್ತಿಗೆ ಒಂದು ಮೀನು ಸತ್ತಿತ್ತು. ಉಳಿದ ಮೂರು ಊರು ಸೇರಿದವು.

ಹೆಂಡತಿ ಅಶ್ವತ್ಥಮ್ಮ ಮೊದಲ ದಿನ ಮೂಗು ಮುರಿದಳು. ಎರಡನೇ ದಿನ ಒಂದು ಗಳಿಗೆ ನಿಂತು ನೋಡಿದಳು. ಮೂರನೇ ದಿನದಿಂದ ಊಟವಾದ ಮೇಲೆ ತೊಟ್ಟಿಯ ಮುಂದೆ ಮಣೆ ಹಾಕಿಕೊಂಡು ಕೂರುವುದೇ ಅಭ್ಯಾಸವಾಯಿತು. ಅವಳಿಗೆ ಆಗ ಏಳು ತಿಂಗಳು ತುಂಬಿತ್ತು. ಬೆನ್ನು ನೋವು, ಕಾಲು ಊತ, ಮನಸ್ಸಿಗೆ ದಿಗಿಲು. ಆ ಮೂರು ಜೀವಗಳು ಸದ್ದಿಲ್ಲದೆ ಸುತ್ತುವುದನ್ನು ನೋಡುತ್ತಿದ್ದರೆ ದಿಗಿಲು ಸ್ವಲ್ಪ ಹಿಂದೆ ಸರಿಯುತ್ತಿತ್ತು.

ತೊಂದರೆ ಏನೆಂದರೆ ನಡುಮನೆ ಕತ್ತಲು. ಮಧ್ಯಾಹ್ನ ಇಳಿಯಿತೆಂದರೆ ಮೀನೂ ಕಾಣದು, ನೀರೂ ಕಾಣದು. ವೆಂಕಟರಮಣಪ್ಪ ಒಂದು ಕೆಲಸ ಹಿಡಿದರೆ ಅರ್ಧಕ್ಕೆ ಬಿಡುವವನಲ್ಲ. ಬೆಂಗಳೂರಿನಿಂದ ಒಂದು ತೂಗುದೀಪ ತರಿಸಿದ. ಹಿತ್ತಾಳೆಯದು, ಎರಡು ಬತ್ತಿ, ಎರಡಕ್ಕೂ ಹಾಲುಗಾಜಿನ ಕೊಡೆ. ಎಣ್ಣೆ ಹಾಕಲು ಕೆಳಗೆ ಎಳೆದು ಮತ್ತೆ ಮೇಲೆ ತಳ್ಳುವುದಕ್ಕೆ ರಾಟೆ, ಸರಪಣಿ, ಸೀಸದ ಗುಂಡು ತುಂಬಿದ ಒಂದು ತೂಕದ ಬಟ್ಟಲು. ಎಲ್ಲ ಸೇರಿ ಎರಡು ಮಣಕ್ಕೆ ಕಡಿಮೆಯಿಲ್ಲ. ಮುಂದಿನ ಶುಕ್ರವಾರದ ಹೊತ್ತಿಗೆ ಮದರಾಸಿನವನು ತೋಟ ನೋಡಲು ಬರುವವನಿದ್ದ. ಅಷ್ಟರಲ್ಲಿ ದೀಪ ತೊಟ್ಟಿಯ ಮೇಲೆ ಉರಿಯಬೇಕು ಎಂದು ಇವನ ಹಟ.

"ತೊಲೆಗೆ ತೂತು ಕೊರೆಯೋದು ಬೇಡ. ಬಳೆ ಇದೆಯಲ್ಲ, ಅದಕ್ಕೇ ಹಾಕಿಬಿಡೋಣ," ಎಂದ.

ಅಶ್ವತ್ಥಮ್ಮ ತಲೆಯೆತ್ತಿ ಮೇಲೆ ನೋಡಿದಳು. ಅವನು ಹೇಳಿದ್ದು ತೊಟ್ಟಿಲ ಬಳೆ. ನಡುಮನೆಯ ತೊಲೆಯಿಂದ ಇಳಿದಿದ್ದ ಹೆಬ್ಬೆರಳು ದಪ್ಪದ ಕಬ್ಬಿಣದ ಬಳೆ ಅದು. ಮುತ್ತಜ್ಜನ ಕಾಲದಿಂದ ಆ ಮನೆಯ ಕೂಸುಗಳೆಲ್ಲ ಅದರ ಕೆಳಗೇ ತೂಗಿಸಿಕೊಂಡವು. ಕೊನೆಯದು ಈ ವೆಂಕಟರಮಣಪ್ಪನೇ. ಅವನಾದ ಮೇಲೆ ಮೂವತ್ತು ವರ್ಷದಿಂದ ಬಳೆ ಖಾಲಿ. ಅಶ್ವತ್ಥಮ್ಮ ಈ ಮನೆಗೆ ಬಂದು ಒಂಬತ್ತು ವರ್ಷ, ಎರಡು ಸಲ ಬಸುರಾಗಿ ಎರಡು ಸಲವೂ ಐದನೇ ತಿಂಗಳಿಗೇ ಕೈತಪ್ಪಿತ್ತು. ತವರಲ್ಲಿ ತಾಯಿಯಿಲ್ಲ, ಹಾಗಾಗಿ ಹೆರಿಗೆ ಇಲ್ಲೇ. ಹೆರಿಗೆ ಇಲ್ಲೇ ಅಂದರೆ ತೊಟ್ಟಿಲೂ ಇಲ್ಲೇ, ಆ ಬಳೆಗೇ. ಆ ಬಳೆಯನ್ನು ನೋಡಿಕೊಂಡೇ ಅವಳು ಏಳು ತಿಂಗಳು ತಳ್ಳಿದ್ದಳು.

ಆದರೆ ಬಾಯಿಬಿಟ್ಟು ಹೇಳುವ ಹಾಗಿಲ್ಲ. ಮಗು ಹುಟ್ಟಿ ಹನ್ನೊಂದು ದಿನ ಕಳೆಯುವ ತನಕ ಅದಕ್ಕೆಂದು ಒಂದು ಹಳೇ ಬಟ್ಟೆಯನ್ನೂ ತೆಗೆದಿಡಬಾರದು, ತೊಟ್ಟಿಲು ಎಂಬ ಮಾತೇ ನಾಲಿಗೆ ಮೇಲೆ ಬರಬಾರದು ಎಂದು ಆ ಮನೆಯ ಕಟ್ಟಳೆ. ಕಟ್ಟಳೆಯನ್ನು ಕಾಯುವವಳು ಅತ್ತೆ ಬೈರಮ್ಮ. ಗೌನಿಪಲ್ಲಿ ಕಡೆಯ ಹೆಂಗಸು, ಸಿಟ್ಟು ಬಂದರೆ ತೆಲುಗು ಮಾತಾಡುವಳು, ಮಿಕ್ಕ ಹೊತ್ತು ಕನ್ನಡದಲ್ಲೇ ಬೈಯುವಳು. ಅತ್ತೆಯಾದರೂ ಬೇಡ ಅನ್ನುತ್ತಾಳೆ ಎಂದು ಅಶ್ವತ್ಥಮ್ಮ ಅವಳ ಮುಖ ನೋಡಿದಳು.

"ಹಾಕ್ಲಿ ಬಿಡು. ಸುಮ್ನೆ ಖಾಲಿ ಬಿದ್ದೈತೆ," ಎಂದಳು ಬೈರಮ್ಮ.

ಸುಮ್ಮನೆ ಖಾಲಿ. ಆ ಮಾತು ಅಶ್ವತ್ಥಮ್ಮನಿಗೆ ಮುಳ್ಳಿನ ಹಾಗೆ ನಾಟಿತು. ಅತ್ತೆಗೆ ನನ್ನ ಮೇಲೆ ನಂಬಿಕೆಯೇ ಹೋಗಿದೆ, ಇದೂ ಉಳಿಯುವುದಿಲ್ಲ ಎಂದು ಆಗಲೇ ತೀರ್ಮಾನ ಮಾಡಿಬಿಟ್ಟಿದ್ದಾಳೆ ಎಂದುಕೊಂಡಳು. ಅಡಿಗೆಮನೆಗೆ ಹೋಗಿ ಒಲೆ ಊದುವ ನೆಪದಲ್ಲಿ ಅತ್ತಳು.

ದೀಪ ಹಾಕುವುದಕ್ಕೆ ಕದಿರೇಶ ಬಂದ. ಚಿನ್ನದ ಗಣಿಯಲ್ಲಿ ಇಪ್ಪತ್ತೆರಡು ವರ್ಷ ಹಗ್ಗದ ಮೇಸ್ತ್ರಿಯಾಗಿದ್ದವನು. ಆಳುಗಳನ್ನು ಪಾತಾಳಕ್ಕೆ ಇಳಿಸುವ ಉಕ್ಕಿನ ಹಗ್ಗವನ್ನು ದಿನಾ ಬೆಳಗ್ಗೆ ಎಳೆ ಎಳೆಯಾಗಿ ನೋಡುವುದು ಅವನ ಕೆಲಸವಾಗಿತ್ತು. ಈಗ ಊರಿಗೆ ಬಂದು ಬಾವಿಗಳಿಗೆ ರಾಟೆ ಕೂರಿಸಿಕೊಂಡಿದ್ದ. ಬಾವಿಯೊಂದಕ್ಕೆ ನಾಲ್ಕು ದಿನ ಹಿಡಿಸುತ್ತಾನೆ ಎಂದು ಊರವರಿಗೆಲ್ಲ ಅವನ ಮೇಲೆ ದೂರು.

ಬಂದವನು ದೀಪವನ್ನು ತಿರುಗಿ ಕೂಡ ನೋಡಲಿಲ್ಲ. ಏಣಿ ಹತ್ತಿ ಸುತ್ತಿಗೆಯಿಂದ ತೊಲೆಯನ್ನು ತಟ್ಟಿದ. ಬಳೆ ಇರುವ ಕಡೆ ತೊಲೆಗೆ ಕಬ್ಬಿಣದ ಪಟ್ಟಿ ಬಡಿದಿತ್ತು, ಕಬ್ಬಿಣದ ಸದ್ದೇ ಬಂತು. ಇಳಿದು ತಲೆ ಕೆರೆದುಕೊಂಡ.

"ಸಾವ್ಕಾರ್ರೇ, ಮೊದ್ಲು ಮೀನು ತೊಟ್ಟೀನ ಇಲ್ಲಿಂದ ಜರುಗಿಸಿ. ದೀಪ ಎರಡು ಮಣ ಅಂದ್ರಲ್ಲ, ಆರು ಮಣ ರಾಗಿ ಮೂಟೆ ಕಟ್ಟಿ ಮೂರು ದಿನ ತೂಗಾಕ್ತೀನಿ. ತಡೀತು ಅಂದ್ರೆ ದೀಪ."

"ಏನಣ್ಣಾ ಇದು, ದೀಪ ಹಾಕು ಅಂದ್ರೆ ರಾಗಿ ತೂಗಾಕ್ತೀನಿ ಅಂತೀಯ?"

"ಗಣೀಲಿ ಮನುಷ್ಯರನ್ನ ಇಳಿಸೋಕೆ ಮುಂಚೆ ಕಲ್ಲು ತುಂಬಿ ಇಳಿಸ್ತಿದ್ವಿ. ಕಲ್ಲು ವಾಪಸ್ ಬಂದ್ಮೇಲೆ ಮನುಷ್ಯ."

ಬೈರಮ್ಮನಿಗೆ ರೇಗಿತು. "ಏಮಿ ರಾ ಇದಿ? ನಾಲ್ಕು ತಲೆಮಾರು ತೂಗಿದ ಬಳೆ ಅದು. ಅದನ್ನ ಪರೀಕ್ಷೆ ಮಾಡೋಕೆ ಇವನ್ಯಾವನು? ಇವನಿಗೆ ಗಣಿಯಾಗೆ ಗಾಳಿ ಸಾಲ್ದೆ ತಲೆ ಕೆಟ್ಟೈತೆ."

ಕದಿರೇಶ ಇಂಥ ಮಾತು ಬೇಕಾದಷ್ಟು ಕೇಳಿದ್ದ. "ನಾಲ್ಕು ತಲೆಮಾರು ತೂಗಿತು ಅಂತ್ಲೇ ನೋಡ್ಬೇಕಮ್ಮಾ. ಹಳೇ ಹಗ್ಗಾನ ಹೊಸದಕ್ಕಿಂತ ಜಾಸ್ತಿ ನೋಡ್ತಿದ್ವಿ," ಎಂದ. ಮೀನುಗಳನ್ನು ಮಣ್ಣಿನ ಬಾನಿಗೆ ಬಿಡಿಸಿ, ನೀರು ಚೆಲ್ಲಿಸಿ, ಗಾಜಿನ ತೊಟ್ಟಿಯನ್ನು ಮೂಲೆಗೆ ಇಡಿಸಿದ. ಮೂಟೆಯನ್ನು ನೆಲದಿಂದ ಒಂದೇ ಗೇಣು ಮೇಲೆ ಇರುವ ಹಾಗೆ ಕಟ್ಟಿದ, ಬಿದ್ದರೂ ದೂರ ಬೀಳಬಾರದಲ್ಲ. ಸುತ್ತ ಸುಣ್ಣದಲ್ಲಿ ದೊಡ್ಡ ಗೆರೆ ಎಳೆದು, ಗೆರೆಯೊಳಗೆ ಯಾರೂ ಕಾಲಿಡಬಾರದೆಂದು ಹೇಳಿದ. ದೀಪವನ್ನು ದಿನಾ ಎಳೆಯುವುದುಂಟು, ಹಾಗಾಗಿ ಬೆಳಗ್ಗೆ ಸಂಜೆ ತಾನೇ ಬಂದು ಮೂಟೆಯನ್ನು ಒಂದಿಷ್ಟು ತೂಗಿ ಹೋಗುತ್ತೇನೆಂದ.

ಒಂದು ದಿನ ಕಳೆಯಿತು. ಎರಡು ದಿನ ಕಳೆಯಿತು. ಬಳೆ ಜಪ್ಪಯ್ಯ ಅನ್ನಲಿಲ್ಲ. ಬೈರಮ್ಮ ನೀರಿಗೆ ಹೋದಲ್ಲಿ ಬಂದಲ್ಲಿ ಎಲ್ಲರಿಗೂ, ನಮ್ಮನೇಲಿ ರಾಗಿ ಮೂಟೆಗೆ ನಾಮಕರಣ ನಡೀತಾ ಐತೆ, ಬನ್ನಿ ಎಂದು ಹೇಳಿಕೊಂಡು ನಕ್ಕಳು.

ಅಶ್ವತ್ಥಮ್ಮ ನಗಲಿಲ್ಲ. ಆ ಬಳೆಯ ಕೆಳಗೆ ಏನೋ ಒಂದು ಆ ಕಡೆ ಈ ಕಡೆ ತೂಗುವುದನ್ನು ಒಂಬತ್ತು ವರ್ಷದಲ್ಲಿ ಅವಳು ನೋಡಿದ್ದು ಇದೇ ಮೊದಲು. ನಾಳೆಯಿಂದ ಅಲ್ಲಿ ಹಿತ್ತಾಳೆ ದೀಪ ಬರುತ್ತದೆ, ಮತ್ತೆ ಅದನ್ನು ಇಳಿಸುವವರು ಯಾರು? ತೊಟ್ಟಿಲಿಗೆ ಬೇಕು, ತೆಗೆಯಿರಿ ಎಂದು ಕೇಳುವ ದಿನ ಬರುತ್ತದೋ ಇಲ್ಲವೋ.

ಮೂರನೇ ದಿನ ಮಧ್ಯಾಹ್ನ ಗಂಡ ಮಂಡಿಯಲ್ಲಿದ್ದ, ಅತ್ತೆ ಹಿತ್ತಲಲ್ಲಿ ಹುಣಸೆಹಣ್ಣು ಬಿಡಿಸುತ್ತಿದ್ದಳು. ಅಶ್ವತ್ಥಮ್ಮ ನಡುಮನೆಯಲ್ಲಿ ಒಬ್ಬಳೇ. ಒಂದೇ ಒಂದು ಸಲ ಆ ಮೂಟೆಯನ್ನು ತೂಗಬೇಕು ಎಂದು ಅವಳಿಗೆ ಆಸೆಯಾಯಿತು. ನಾಚಿಕೆಯೂ ಆಯಿತು. ಗೆರೆ ದಾಟಬಾರದೆಂದು ಕದಿರೇಶ ಹೇಳಿದ್ದ. ಗೋಡೆಗೆ ಒರಗಿಸಿದ್ದ ದೋಟಿ ಕಣ್ಣಿಗೆ ಬಿತ್ತು. ಮಾವಿನಕಾಯಿ ಕೀಳುವ ಉದ್ದನೆಯ ಬಿದಿರು ಕೋಲು ಅದು, ಆ ಮನೆಯಲ್ಲಿ ಮೂಲೆಗೊಂದು ಇರುತ್ತಿತ್ತು. ಅದನ್ನು ತಗೊಂಡು ಗೆರೆಯಾಚೆ ನಿಂತು ಮೂಟೆಯನ್ನು ಮೆಲ್ಲಗೆ ನೂಕಿದಳು. ಮೂಟೆ ಹೋಯಿತು, ಬಂತು. ಇನ್ನೊಮ್ಮೆ ನೂಕಿದಳು. ಬಳೆ ಕಿರ್ರ್ ಎಂದಿತು. ಆ ಸದ್ದು ಅವಳಿಗೆ ಹಿತವಾಗಿ ಕೇಳಿಸಿತು. ಹತ್ತು, ಹದಿನೈದು, ಇಪ್ಪತ್ತು ಸಲ ತೂಗಿದಳು.

ಮೇಲಿನಿಂದ ಹಿಟ್ಟಿನಂಥ ಪುಡಿ ಉದುರಿತು. ಧೂಳಿರಬೇಕು ಎಂದುಕೊಂಡು ತಲೆಯೆತ್ತುವಷ್ಟರಲ್ಲಿ ಕಟಕ್ಕೆಂದು ಏನೋ ಮುರಿಯಿತು. ಮೂಟೆ ದಪ್ಪೆಂದು ನೆಲಕ್ಕೆ ಕುಳಿತಿತು. ಅದರ ಮೇಲೆ ಬಳೆ, ಬಳೆಯ ಹಿಂದೆ ಮೊಳದುದ್ದದ ಮೊಳೆ, ಕಬ್ಬಿಣದ ಪಟ್ಟಿ, ಅದರ ಹಿಂದೆ ಒಂದು ಮೊರ ತುಂಬುವಷ್ಟು ಕೆಂಪು ಪುಡಿ. ಮೂಟೆ ಬಿರಿದು ರಾಗಿ ಸುಣ್ಣದ ಗೆರೆಯ ತನಕ ಹರಿದು ನಿಂತಿತು.

ಅಶ್ವತ್ಥಮ್ಮ ದೋಟಿ ಹಿಡಿದುಕೊಂಡೇ ಗೋಡೆಗೆ ಒರಗಿ ಕುಸಿದಳು. ಬೈರಮ್ಮ ಹಿತ್ತಲಿಂದ ಓಡಿ ಬಂದವಳು ರಾಗಿ ನೋಡಲಿಲ್ಲ, ಬಳೆ ನೋಡಲಿಲ್ಲ, ಸೊಸೆಯ ತಲೆ ಬೆನ್ನು ಹೊಟ್ಟೆ ಎಲ್ಲ ಹುಣಸೆಹಣ್ಣಿನ ಕೈಯಲ್ಲೇ ಮುಟ್ಟಿ ಮುಟ್ಟಿ ನೋಡಿದಳು. "ಏನಾಯ್ತೇ? ಏಟಾಯ್ತೇನೇ?" ಎಂದು ಅದನ್ನೇ ಕೇಳಿದಳು. ಏನೂ ಆಗಿರಲಿಲ್ಲ. ಒಳಗಿದ್ದುದು ಮಾತ್ರ ಜೋರಾಗಿ ಒದ್ದಿತು, ಅತ್ತೆಯ ಅಂಗೈಗೇ.

ಕದಿರೇಶ ಬಂದು, ಏಣಿ ಹತ್ತಿ, ಬಳೆಯಿದ್ದ ತೂತಿನಲ್ಲಿ ಕೈಹಾಕಿದ. ಮೊಣಕೈ ತನಕ ಒಳಗೆ ಹೋಯಿತು. ಹೊರಗೆ ವರ್ಷವರ್ಷ ಎಣ್ಣೆ ಬಳಿಸಿಕೊಂಡು ಕರ್ರಗೆ ಮಿರುಗುತ್ತಿದ್ದ ತೊಲೆಯನ್ನು ಗೆದ್ದಲು ಒಳಗೇ ತಿಂದು ಮುಗಿಸಿತ್ತು.

"ಮೀನು ಉಳೀತು ಬಿಡಣ್ಣ," ಎಂದ ಮಂಡಿಯಿಂದ ಬಂದಿದ್ದ ವೆಂಕಟರಮಣಪ್ಪ. ಕಣ್ಣು ಮಾತ್ರ ಹೆಂಡತಿಯ ಮೇಲೇ ಇತ್ತು.

"ಮೀನು ಬಿಡಿ ಸಾವ್ಕಾರ್ರೇ. ಹಗೂರ ಇರೋದನ್ನ ಹಾಕಿದ್ರೆ ಮೊದಲ ದಿನ ಬೀಳ್ತಿರಲಿಲ್ಲ. ತಡೀತದೆ ಅಂತ ನಂಬಿಸ್ತಿತ್ತು. ದಿನಾ ತೂಗ್ತಾ ತೂಗ್ತಾ ಆರು ತಿಂಗಳಿಗೋ ಏಳು ತಿಂಗಳಿಗೋ ಬಂದ್ಬಿಡ್ತಿತ್ತು."

ಹಗುರವಾಗಿ ದಿನಾ ತೂಗುವುದು ಯಾವುದು ಎಂದು ಅವನಿಗೆ ಗೊತ್ತಿಲ್ಲವೆಂದೇನಲ್ಲ, ಆದರೆ ಪರರ ಮನೆಯ ಕಟ್ಟಳೆಯನ್ನು ಅವನೇಕೆ ಮುರಿಯುತ್ತಾನೆ. ಅವನು ಮುರಿಯದಿದ್ದುದನ್ನು ಬೈರಮ್ಮ ಮುರಿದಳು.

"ತೊಟ್ಟಿಲು," ಎಂದಳು. ಅಷ್ಟು ಹೇಳಿ ಬಾಯಿಗೆ ಸೆರಗು ಒತ್ತಿಕೊಂಡಳು. ಆಮೇಲೆ ಹೇಗೂ ಹೇಳಿದ್ದಾಯಿತೆಂದು ಪೂರಾ ಹೇಳಿದಳು. "ಇದಕ್ಕೇ ಕಟ್ತಿದ್ದೆ ಕಣೇ. ಯಾರನ್ನೂ ಕೇಳ್ದೆ, ನೋಡ್ದೆ, ಕಣ್ಣು ಮುಚ್ಕೊಂಡು ಕಟ್ತಿದ್ದೆ."

"ನೀವೇ ಅಲ್ವಾ ಅತ್ತೆ, ಸುಮ್ನೆ ಖಾಲಿ ಬಿದ್ದೈತೆ ಅಂದಿದ್ದು?" ಎಂದಳು ಅಶ್ವತ್ಥಮ್ಮ. ನಾಲ್ಕು ದಿನದಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮಾತು ಅದು.

"ಇನ್ನೇನಂತ ಅನ್ಲೇ? ಬೇಡ ಅಂದ್ರೆ ಕಾದು ಇಟ್ಕೊಂಡಂಗೆ ಆಗಲ್ವಾ? ಎರಡು ಸಲ ಕಾದು ನೋಡಿದ್ವಿ. ಈ ಸಲ ನಮ್ಗೆ ಬೇಕೇ ಇಲ್ಲ ಅನ್ನೋ ಹಂಗೆ ಇರಾಣ, ಆಗ್ಲಾದ್ರೂ ಇದನ್ನ ಮುಟ್ದೆ ಬಿಟ್ಟು ಹೋಗ್ತದೆ ಅಂತ." ಯಾರು ಬಿಟ್ಟು ಹೋಗುತ್ತಾರೆ ಎಂದು ಬೈರಮ್ಮ ಹೇಳಲಿಲ್ಲ. ಎರಡು ಸಲ ಕಿತ್ತುಕೊಂಡು ಹೋದವನು ಯಾರೋ ಅವನು.

ಅಶ್ವತ್ಥಮ್ಮನಿಗೆ ಅಳು ಬಂತು. ನಗುವೂ ಬಂತು. ರಾಗಿ ಚೆಲ್ಲಿದ ನೆಲದ ಮೇಲೆ ಕಾಲು ಚಾಚಿ ಕುಳಿತು ಎರಡನ್ನೂ ಒಟ್ಟಿಗೆ ಮಾಡಿದಳು. ಮೊರ ತಂದು ರಾಗಿ ಬಾಚಿದ್ದು ಬೈರಮ್ಮನೇ. ಸೊಸೆಯನ್ನು ಏಳಗೊಡಲಿಲ್ಲ.

ಆಮೇಲೆ ಕದಿರೇಶನ ಮಾತಿಗೆ ಆ ಮನೆಯಲ್ಲಿ ಎದುರಿಲ್ಲ. ಹುಳು ತಿಂದ ತೊಲೆಗೆ ಅವತ್ತೇ ಕಂಬ ಕೊಟ್ಟು ನಿಲ್ಲಿಸಿದ. ಪಕ್ಕದ ತೊಲೆಯನ್ನು ಮೂರು ಕಡೆ ಬೈರಿಗೆಯಲ್ಲಿ ಸಣ್ಣಗೆ ಕೊರೆದು ನೋಡಿದ, ಗಟ್ಟಿ ಮರದ ಸುರುಳಿಯೇ ಬಂತು. ಬಳೆಯ ಮೊಳೆಯನ್ನು ತೊಲೆಯ ಪೂರಾ ದಪ್ಪಕ್ಕೂ ತೂರಿಸಿ, ಮೇಲೆ ಅಗಲವಾದ ಕಬ್ಬಿಣದ ತಗಡು ಕೊಟ್ಟು ಬಿಗಿದ. ದೀಪಕ್ಕೆ ಒಂದು ಸರಪಣಿ ಸಾಲದೆಂದು ಎರಡು ಹಾಕಿದ, ಒಂದು ಹರಿದರೆ ಇನ್ನೊಂದು ಹಿಡಿಯಲಿ ಎಂದು. ಮೀನಿನ ತೊಟ್ಟಿಯನ್ನು ದೀಪದ ನೇರ ಕೆಳಗೆ ಬಿಡದೆ ಒಂದು ಮೊಳ ಆಚೆಗೆ ಇಡಿಸಿದ. ಎಣ್ಣೆ ತೊಟ್ಟಿಕ್ಕಿದರೂ ನೀರಿಗೆ ಬೀಳಬಾರದು, ಬೆಳಕು ಮಾತ್ರ ಬೀಳಲಿ ಎಂದ. ರಾಗಿ ಮೂಟೆಗೆ ಮತ್ತೆ ಮೂರು ದಿನದ ಉಯ್ಯಾಲೆ. ಮದರಾಸಿನವನು ಶುಕ್ರವಾರ ಬಂದಾಗ ದೀಪ ನೆಲದ ಮೇಲೇ ಇತ್ತು. ಅವನು ಮೀನನ್ನು ಬಿಟ್ಟು ಮೂಟೆಯನ್ನೇ ನೋಡಿಕೊಂಡು ಹೋದ. ವೆಂಕಟರಮಣಪ್ಪನಿಗೆ ಅದರ ಬೇಜಾರೂ ಆಗಲಿಲ್ಲ.

ಭಾನುವಾರ ದೀಪ ಹತ್ತಿಸಿದರು. ಮೂರು ಮೀನು ಹೊಳೆದವು.

ಅವತ್ತು ಕದಿರೇಶ ಏಣಿ ಇಳಿಸುತ್ತಿದ್ದಾಗ ಬೈರಮ್ಮ ಬಂದು ನಿಂತಳು. "ಅದೇ ತೊಲೆಗೆ ಆ ಕೊನೇಲಿ ಇನ್ನೊಂದು ಬಳೆ ಹಾಕು."

"ಎಷ್ಟು ತೂಕ ತಡೀಬೇಕಮ್ಮಾ?"

"ಅದೆಲ್ಲ ಕೇಳ್ಬೇಡ. ಮೂಟೆ ಆರು ಮಣದ್ದೇ ಇರ್ಲಿ. ಮೂರು ದಿನ ಸಾಲಲ್ಲ, ಒಂಬತ್ತು ದಿನ ಇರ್ಲಿ."

ಒಂಬತ್ತನೇ ದಿನ ಮಧ್ಯಾಹ್ನ ಅಶ್ವತ್ಥಮ್ಮ ಮೀನಿಗೆ ಅವಲಕ್ಕಿ ಪುಡಿ ಹಾಕಲೆಂದು ನಡುಮನೆಗೆ ಬಂದವಳು ಬಾಗಿಲಲ್ಲೇ ನಿಂತಳು. ಅತ್ತೆ ಸುಣ್ಣದ ಗೆರೆಯನ್ನು ದಾಟಿ ಒಳಗೆ ಹೋಗಿದ್ದಳು. ಸೀರೆಯನ್ನು ಮೇಲಕ್ಕೆ ಸಿಕ್ಕಿಸಿ, ಮೂಟೆಯ ಮೇಲಿನ ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದು, ಅರವತ್ತು ದಾಟಿದ ಆ ಹೆಂಗಸು ಎರಡೂ ಕಾಲನ್ನು ನೆಲದಿಂದ ಮೇಲಕ್ಕೆತ್ತಿ ತನ್ನ ಪೂರಾ ಭಾರ ಬಿಟ್ಟು ಜೋತಾಡುತ್ತಿದ್ದಳು. ಬಳೆ ಅಲುಗಲಿಲ್ಲ. ಕಾಲು ಊರಿ, ಉಸಿರು ಬಿಟ್ಟು, ಮತ್ತೆ ಕಾಲೆತ್ತಿದಳು.

ಸೊಸೆ ನೋಡುತ್ತಿದ್ದುದನ್ನು ಕಂಡು ಅವಳೇನೂ ನಾಚಲಿಲ್ಲ.

"ತಡೀತದೆ ಕಣೇ," ಎಂದಳು.