ಏಳೂವರೆಗೆ ಬಾಗಿಲು ತೆಗೆದವನು

ಸಂಜೆ ಆರು ಗಂಟೆಗೆ ಅರ್ಜಿಯ ಗಡುವು ಮುಗಿಯುತ್ತಿತ್ತು. ಐದು ಗಂಟೆಗೆ ಮಗಳು ನನ್ನ ಕ್ಷೌರದಂಗಡಿಗೆ ಬಂದು ಹಾಳೆ ಚಾಚಿದಳು.

"ಅಪ್ಪ, ಇಲ್ಲೊಂದು ಸಹಿ ಹಾಕು. ಜೆರಾಕ್ಸ್ ಅಂಗಡಿಯಿಂದ ಕಳಿಸ್ಬೇಕು."

ಹೊರದೇಶದಲ್ಲಿ ಅರ್ಥಶಾಸ್ತ್ರ ಓದುವುದಕ್ಕೆ ಅರ್ಜಿ. ನನ್ನ ಸಹಿ ಇಲ್ಲದೆ ಅದು ಹೋಗುವಂತಿರಲಿಲ್ಲ.

"ಏನು ಬರೆದಿದೀಯ?"

"ಅದನ್ನೇ ಯಾಕೆ ಓದ್ತೀನಿ ಅಂತ. ಟೈಮಿಲ್ಲಪ್ಪ."

ನನಗೆ ಅವಸರ ಮಾಡಿದರೆ ಆಗುವುದಿಲ್ಲ. ಅರ್ಧ ಮುಖ ಬೋಳಿಸಿಕೊಂಡು ಕೂತಿದ್ದ ಇಂಗ್ಲಿಷ್ ಮೇಷ್ಟ್ರ ಕೈಗೆ ಹಾಳೆ ಕೊಟ್ಟು, "ನಮ್ಮ ಮಾತಲ್ಲಿ ಹೇಳಿ," ಎಂದೆ.

"ನನ್ನ ತಂದೆಯೂ ಚಿಕ್ಕಪ್ಪನೂ ಎದುರುಬದುರು ಕ್ಷೌರದಂಗಡಿ ಇಟ್ಟಿದ್ದಾರೆ," ಮೇಷ್ಟ್ರು ಓದಿದರು. "ಇಬ್ಬರೂ ಬೆಳಿಗ್ಗೆ ಎಂಟಕ್ಕೆ ಬಾಗಿಲು ತೆಗೆಯುತ್ತಿದ್ದರು. ಒಂದು ದಿನ ಚಿಕ್ಕಪ್ಪ ಏಳೂವರೆಗೆ ತೆಗೆದರು. ಮರುದಿನ ತಂದೆ ಏಳಕ್ಕೆ ತೆಗೆದರು."

"ಸಾಕು ಮೇಷ್ಟ್ರೆ," ಎಂದೆ. ಮೇಷ್ಟ್ರು ನಿಲ್ಲಿಸಲಿಲ್ಲ. ಏಳು ಹೋಗಿ ಆರಾದದ್ದು, ಐದಾದದ್ದು, ನಾಲ್ಕಾದದ್ದು, ಗಿರಾಕಿಗಳು ಮಾತ್ರ ಮೊದಲಿನಷ್ಟೇ ಉಳಿದದ್ದು, ನಿದ್ದೆಗೆಟ್ಟು ನಾನು ಒಬ್ಬರ ಕಿವಿ ಕುಯ್ದದ್ದು, ಕೊನೆಗೆ ಇಬ್ಬರೂ ಸೋತು ಎಂಟಕ್ಕೇ ಮರಳಿದರೂ ಎಂಟು ವರ್ಷದಿಂದ ಮಾತು ಬಿಟ್ಟದ್ದು, ಎಲ್ಲ ಅದರಲ್ಲಿತ್ತು.

"ಆ ಕಿವಿ ನಂದೇ ಕಣಮ್ಮ, ಹೆಸರು ಹಾಕ್ಬೋದಿತ್ತು," ಎಂದ ಮೇಷ್ಟ್ರು ಕೊನೆಯ ಸಾಲು ಓದಿದರು. "ದಡ್ಡರಲ್ಲದ ಇಬ್ಬರು ಸೇರಿ ಹೀಗೇಕೆ ಹಾಳಾಗುತ್ತಾರೆ? ಇದನ್ನು ತಿಳಿಯಲು ನಾನು ಅರ್ಥಶಾಸ್ತ್ರ ಓದಬೇಕು."

"ಮನೆ ಮಾನ ಹರಾಜು ಹಾಕೋಕೆ ನಿನ್ನ ಓದಿಸಿದ್ನಾ?" ಬ್ಲೇಡು ಹಿಡಿದ ಕೈಯಲ್ಲೇ ಹಾಳೆಯತ್ತ ತೋರಿಸಿದೆ. ಮೇಷ್ಟ್ರು ಕುರ್ಚಿಯಲ್ಲೇ ಹಿಂದಕ್ಕೆ ಸರಿದರು. "ದೇಶಸೇವೆ ಅಂತ ಬರಿ. ಎಲ್ರೂ ಅದನ್ನೇ ಬರೆಯೋದು."

"ನಾನು ಸುಳ್ಳು ಬರೆಯಲ್ಲ."

"ಹಾಗಾದ್ರೆ ಹೋಗ್ಲೇಬೇಡ."

ಅವಳು ಗಡಿಯಾರ ನೋಡಿದಳು. ಐದೂವರೆ. ಆದರೂ ಬೇಡಿಕೊಳ್ಳಲಿಲ್ಲ. ಹಟ ನನ್ನದೇ, ಯಾರನ್ನು ಬಯ್ಯಲಿ?

"ಸುಳ್ಳು ಬರೆಯಲ್ವಾ? ಏಳೂವರೆಗೆ ಮೊದಲು ತೆಗೆದೋನು ಯಾರು?" ಕೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ.

ಅವಳು ತಲೆ ತಗ್ಗಿಸಿದಳು. "ನೀನು."

"ಮತ್ತೆ ಅವನ ತಲೆಗೆ ಯಾಕೆ ಕಟ್ಟಿದೆ?"

"ನಿಜ ಬರೆದ್ರೆ ನೀನು ಸಹಿ ಹಾಕಲ್ಲ ಅಂತ."

ಅವನೇ ಶುರು ಮಾಡಿದ್ದು ಎಂದು ಬೀದಿಗೆಲ್ಲ ಹೇಳಿಕೊಂಡು ಬಂದವನು ನಾನು. ಬೀದಿ ನಂಬಿತ್ತು. ಮನೆಯಲ್ಲಿ ಒಬ್ಬಳು ನಂಬಿರಲಿಲ್ಲ.

"ತಿದ್ದು," ಎಂದೆ.

"ಮತ್ತೆ ಪ್ರಿಂಟ್ ತೆಗೀಬೇಕು. ಹೊತ್ತಾಗುತ್ತೆ."

"ಓಡು ಮತ್ತೆ, ನನ್ನ ಮುಖ ಏನು ನೋಡ್ತೀಯ?"

ಆರಕ್ಕೆ ಹತ್ತು ನಿಮಿಷವಿದ್ದಾಗ ಏದುಸಿರು ಬಿಡುತ್ತ ಬಂದಳು. ತಿದ್ದಿದ ಸಾಲನ್ನು ಮೇಷ್ಟ್ರಿಂದ ಓದಿಸಿ ಕೇಳಿದೆ. ಕೇಳುವುದು ಕಷ್ಟವಾಯಿತು. ಕೈ ಒರೆಸಿಕೊಂಡು ಸಹಿ ಹಾಕಿದೆ. ಮತ್ತೆ ಓಡಿದಳು. ಗಡಿಯಾರದ ಮೇಲಿಂದ ನಾನು ಕಣ್ಣು ತೆಗೆಯಲಿಲ್ಲ.

"ಹೋಯ್ತಪ್ಪ," ಎಂದು ಹಾಳೆ ಬೀಸುತ್ತ ಬೀದಿಯಿಂದಲೇ ಕೂಗಿದಳು. ಇನ್ನೂ ಎರಡು ನಿಮಿಷ ಉಳಿದಿತ್ತು.

ಎದುರಂಗಡಿಯ ತಮ್ಮ ಗಾಬರಿಯಿಂದ ಹೊರಗೆ ಬಂದ. "ಏನು ಹೋಯ್ತಣ್ಣ?"

"ಬಾ ಇಲ್ಲಿ," ಎಂದೆ. "ಮೇಷ್ಟ್ರು ಓದಿ ಹೇಳ್ತಾರೆ."