ಒಂದು ಮೊಳ ಹಿಂದಕ್ಕೆ

ಲಿಂಗ ಮೂರನೆಯ ಸಲವೂ ಜಾರಿತು. ನೆಲಕ್ಕೆ ಬೀಳುವ ಮೊದಲೇ ಅಯ್ಯನವರು ಅದನ್ನು ಕೈಯೊಡ್ಡಿ ಹಿಡಿದರು. ಗೋಡೆಗೆ ಒರಗಿಸಿ, ಎದೆಗೆ ಶಾಲು ಬಿಗಿದು ಕೂರಿಸಿದ್ದ ಬಸವಲಿಂಗನ ಎಡಗೈಯಲ್ಲಿ ಹೆಬ್ಬೆರಳು, ತೋರುಬೆರಳು ಬಿಟ್ಟರೆ ಉಳಿದ ಮೂರು ಇರಲಿಲ್ಲ. ಅವುಗಳ ಜೊತೆಗೆ ಅಂಗೈಯ ಅರ್ಧವೂ ಹೋಗಿತ್ತು. ಉಳಿದ ಅರ್ಧದಲ್ಲಿ ಲಿಂಗ ಕೂರುವುದಾದರೂ ಹೇಗೆ?

"ಬಟ್ಟಿ ಸುತ್ತಿ ಕಟ್ಟೋಣೇನವ್ವಾ?" ಎಂದರು ಅಯ್ಯನವರು.

"ಬ್ಯಾಡ್ರಿ" ಎಂದಳು ಬಸವಲಿಂಗನ ಹೆಂಡತಿ ರಂಜನಾ. "ಒಂಬತ್ತ ವರ್ಷ ಆ ಕೈಗೆ ಕರ್ಚೀಪ ಸುತ್ಕೊಂಡ ಅಡ್ಡಾಡಿದ್ರು, ಮಂದಿ ನೋಡ್ತಾರಂತ. ಮಣ್ಣಿಗೆ ಹೋಗೂ ಮುಂದರ ಕೈ ಬಿಚ್ಚಿರ್ಲಿ."

ಅವಳು ಮುಂದೆ ಸರಿದು ತನ್ನ ಅಂಗೈಯನ್ನು ಗಂಡನ ಅಂಗೈ ಕೆಳಗೆ ಕೊಟ್ಟಳು. ಲಿಂಗ ನಿಂತಿತು.

"ದಿನಾ ಪೂಜಿಗೆ ಹಿಂಗ ಹಿಡೀತಿದ್ದೆ" ಎಂದಳು. "ಹಿಡಕೊಂಡ ಬೈತಿದ್ದೆ. ಎಚ್ಚರಗೇಡಿ, ಒಂದ ಗಳಿಗಿ ಎಚ್ಚರ ಇದ್ದಿದ್ರ ಈ ಗತಿ ಬರ್ತಿತ್ತೇನು ಅಂತ. ಒಂದ ದಿನಾನೂ ತಿರುಗಿ ಮಾತಾಡ್ಲಿಲ್ಲ ನೋಡ್ರಿ."

ಬಾಗಿಲಲ್ಲಿ ನಿಂತಿದ್ದ ಸಿದ್ರಾಮಪ್ಪ ಒಳಗೆ ಕಾಲಿಡಲಾರದೆ ಅಲ್ಲಿಯೇ ಉಳಿದ. ಆ ಕೈ ಹೋದದ್ದು ಹೇಗೆಂದು ತಿಳಿದವರು ಜಗತ್ತಿನಲ್ಲಿ ಇಬ್ಬರೇ. ಒಬ್ಬ ಈಗ ಗೋಡೆಗೆ ಒರಗಿ ಕೂತಿದ್ದ. ಇನ್ನೊಬ್ಬನ ಪಾಲಿಗೆ ಆ ಮಾತು ಒಂಬತ್ತು ವರ್ಷಗಳಿಂದ ಬಿಸಿ ತುಪ್ಪ, ನುಂಗಲಾರ, ಉಗುಳಲಾರ.

*

ತಳೇಗಾಂವ ದಾಭಾಡೆಯ ಕಾರ್ಖಾನೆಗಳ ನಡುವೆ ತಗಡಿನ ಒಂದು ಶೆಡ್ಡು. ಜಾಹೀರಾತು, ಗೊಂಬೆ ಚಿತ್ರ ತೆಗೆಯುವ ಸ್ಟುಡಿಯೋ ಅದು. ಮಾಲೀಕರು 'ಮೋಷನ್ ಕಂಟ್ರೋಲ್ ಕ್ಯಾಮೆರಾ' ಎಂದು ಬಾಯಿ ತುಂಬ ಕರೆಯುತ್ತಿದ್ದ ಯಂತ್ರಕ್ಕೆ ಅಲ್ಲಿ ಕೆಲಸಕ್ಕಿದ್ದ ಬಸವಲಿಂಗ, ಸಿದ್ರಾಮಪ್ಪ ಇಟ್ಟ ಹೆಸರು ಗಾಡಿ. ಹಳಿಯ ಮೇಲೆ ಗಾಡಿ, ಗಾಡಿಯ ಮೇಲೆ ಉದ್ದನೆಯ ತೋಳು, ತೋಳಿನ ತುದಿಗೆ ಕ್ಯಾಮೆರಾ. ಎಲ್ಲಕ್ಕೂ ಮೋಟರು, ಮೋಟರುಗಳಿಗೆಲ್ಲ ಒಬ್ಬ ಯಜಮಾನ, ಕಂಪ್ಯೂಟರು. ಪರದೇಶದಿಂದ ತರಿಸಿದರೆ ಶೆಡ್ಡನ್ನೇ ಮಾರಬೇಕಾದೀತೆಂದು ಇಲ್ಲಿಯೇ ಕಟ್ಟಿಸಿದ್ದರು. ಕಟ್ಟಿದವನು ಬಸವಲಿಂಗ. ದೌಂಡದ ರೈಲ್ವೆ ಗ್ಯಾಂಗಮನ್‌ನ ಮಗ, ಹಳಿಯ ಮೇಲೆಯೇ ಆಡಿ ಬೆಳೆದವನು. ಹಲ್ಲಿನ ಚಕ್ರಗಳನ್ನೆಲ್ಲ ಲೇತಿನ ಮುಂದೆ ನಿಂತು ತಾನೇ ಮಾಡಿದ. ಕಂಪ್ಯೂಟರಿನ ಮುಂದೆ ಕೂತು ಗಾಡಿ ಓಡಿಸುವವನು ಸಿದ್ರಾಮಪ್ಪ.

ಗಾಡಿಯ ಕೆಲಸ ಇಷ್ಟೇ, ಹೋದ ದಾರಿಯಲ್ಲೇ ಮತ್ತೆ ಹೋಗುವುದು. ಗೊಂಬೆಗಳ ಊರೊಂದನ್ನು ಮೊದಲ ಸಲ ಹಗಲು ಬೆಳಕಿನಲ್ಲಿ ಹಿಡಿಯಬೇಕು. ಎರಡನೆಯ ಸಲ ಅದರ ಕಿಟಕಿಗಳಿಗೆ ದೀಪ ಹಾಕಿ, ಮೂರನೆಯ ಸಲ ಹೊಗೆ ಬಿಟ್ಟು ಹಿಡಿಯಬೇಕು. ಮೂರೂ ಒಂದೇ ಫಿಲ್ಮಿನಲ್ಲಿ ಒಂದರ ಮೇಲೊಂದು ಕೂರಬೇಕು. ಕೂದಲೆಳೆಯಷ್ಟು ತಪ್ಪಿದರೂ ಊರಿನ ಮನೆಗಳಿಗೆಲ್ಲ ಎರಡೆರಡು ಗೋಡೆ.

"ಹಲ್ಲಿಗೂ ಹಲ್ಲಿಗೂ ನಡುವ ಸ್ವಲ್ಪರ ಸಡಿಲ ಇರೂದ, ಸಿದ್ರಾಮ" ಎಂದಿದ್ದ ಬಸವಲಿಂಗ. "ಅದಕ್ಕ ಗಾಡಿ ಸುರು ಮಾಡೂ ಗುರ್ತಿಗೆ ಬಂದ ಕೂಡ್ಲೆ ನಿಲ್ಲಬಾರ್ದು. ನಾಕ ಬೆರಳ ದಾಟಿ ಹಿಂದ ಹೋಗ್ಲಿ. ಆಮ್ಯಾಲ ಮುಂದ ಬಂದ ನಿಲ್ಲಲಿ. ಯಾವಾಗ್ಲೂ ಒಂದ ಕಡಿಂದನ ಬಂದ್ರ ಸಡಿಲ ಇದ್ರೂ ಇಲ್ಲದಂಗ."

ಗುರುತಿನ ಹಿಂದೆ ನಾಲ್ಕು ಬೆರಳು. ಇಬ್ಬರ ನಡುವಿನ ಒಪ್ಪಂದ ಅದು, ಕಾಗದದಲ್ಲಿ ಎಲ್ಲಿಯೂ ಬರೆದಿರಲಿಲ್ಲ.

*

ಭೋಸರಿಯಲ್ಲಿ ಬಸವಲಿಂಗನ ಮನೆಯ ಓಣಿಗೆ ಟೆಂಪೊ ಬಂದು ನಿಂತಿತು. ಅವನನ್ನು ಕೂರಿಸಿಕೊಂಡು ಹೋಗಲು ಬಿದಿರಿನ ಮಂಟಪ ಕಟ್ಟುತ್ತಿದ್ದರು. ಚಾಕಣದ ಕಾರ್ಖಾನೆಯಿಂದ ಏಕನಾಥ ಬಂದಿದ್ದ. ಬಸವಲಿಂಗ ಕಡೆಯ ಎಂಟು ವರ್ಷ ಗೇಟು ಕಾದದ್ದು ಅಲ್ಲಿ, ಇವನ ಜೊತೆಗೆ. ನಿನ್ನೆ ಮಧ್ಯಾಹ್ನ ಡಬ್ಬಿ ಬಿಚ್ಚಿ ಕೂತವನು ಎದೆ ಹಿಡಿದುಕೊಂಡು ಒರಗಿದಾಗ ಪಕ್ಕದಲ್ಲಿದ್ದವನೂ ಇವನೇ.

"ಬಹಳ ಹುಷಾರಿ ಮನುಷ್ಯ" ಎಂದು ಏಕನಾಥ ಮರಾಠಿಯಲ್ಲಿ ಸಿದ್ರಾಮಪ್ಪನಿಗೆ ಹೇಳಿದ. "ಗೇಟು ಮುಚ್ಚುವುದು ನೋಡಬೇಕಿತ್ತು. ಮೊದಲು ಸ್ವಲ್ಪ ಹಿಂದಕ್ಕೆ ಎಳೆಯುತ್ತಿದ್ದ, ಆಮೇಲೆ ಮುಂದಕ್ಕೆ ತಳ್ಳುತ್ತಿದ್ದ. ಚಿಲಕ ಒಂದು ದಿನವೂ ತಪ್ಪಲಿಲ್ಲ. ತಳ್ಳುವ ಮೊದಲು ಆಚೆ ಈಚೆ ನೋಡಿ, ಯಾರದಾದರೂ ಕೈ ಇದೆಯಾ ಎಂದು ಕೂಗಿ ಕೇಳುತ್ತಿದ್ದ. ನಾವು ನಗುತ್ತಿದ್ದೆವು. ಅಂಥವನ ಕೈ ಯಂತ್ರಕ್ಕೆ ಸಿಕ್ಕಿತು ಅಂದರೆ ನನಗಂತೂ ನಂಬಿಕೆ ಬರುವುದಿಲ್ಲ."

ಸಿದ್ರಾಮಪ್ಪ ಮಂಟಪದ ಕಡೆ ನೋಡಿದ. ಇವತ್ತು ಬಾಯಿ ಬಿಡದಿದ್ದರೆ ಬಸವಲಿಂಗ ಎಚ್ಚರಗೇಡಿಯಾಗಿಯೇ ಮಣ್ಣಿಗೆ ಹೋಗುತ್ತಾನೆ. ನಾಳೆ ಹೇಳಿ ಪ್ರಯೋಜನವೇನು?

*

೧೯೯೮ರ ಬೇಸಿಗೆ. ಫಿಲ್ಮು ತೊಳೆದು ಬಂದಾಗ ಗೊಂಬೆ ಊರಿನ ಮನೆಗಳಿಗೆ ಎರಡು ಗೋಡೆ. ನಿರ್ದೇಶಕರು ಎಲ್ಲರೆದುರು ಸಿದ್ರಾಮಪ್ಪನನ್ನು ಉಗಿದರು. ಅವಮಾನದಲ್ಲಿ ಕುದಿಯುತ್ತ ಅವನು ಕಂಪ್ಯೂಟರಿನ ಮುಂದೆ ಬಂದು ಕೂತ. ನಾಲ್ಕು ಬೆರಳು ಸಾಲದು, ಒಂದು ಮೊಳ ಹಿಂದಕ್ಕೆ ಹೋಗಿ ಬರಲಿ ಎಂದು ಲೆಕ್ಕ ಬದಲಿಸಿದ. ಬಸಣ್ಣನಿಗೆ ಒಂದು ಮಾತು ಹೇಳಬೇಕೆಂದು ಹೊಳೆಯಿತು. ಹೇಳಿದರೆ ಅವನು ಕಾರಣ ಕೇಳುತ್ತಾನೆ, ಕಾರಣ ಹೇಳಿದರೆ ಇನ್ನೊಂದು ಸಲ ಅವಮಾನ. ಹೇಳಲಿಲ್ಲ.

ಪರದೆಯ ಬೆಳಕು ಗೊಂಬೆಗಳ ಮೇಲೆ ಬೀಳದಿರಲೆಂದು ಕಂಪ್ಯೂಟರಿನ ಸುತ್ತ ಕರಿ ಬಟ್ಟೆ ಕಟ್ಟಿದ್ದರು. ಆಚೆ ಏನಿದೆಯೆಂದು ಕಾಣುವಂತಿರಲಿಲ್ಲ.

"ಬಸಣ್ಣ, ಬಿಡ್ಲಿ?"

"ಬಿಡು."

ಬಸವಲಿಂಗ ಗುರುತಿನಿಂದ ಒಂದು ಗೇಣು ಹಿಂದೆ ಹಳಿಯ ಮೇಲೆ ಎಡಗೈ ಊರಿ, ಬಲಗೈಯಲ್ಲಿ ಅದನ್ನು ಒರೆಸುತ್ತಿದ್ದ. ಅವನು ಕಟ್ಟಿದ ಗಾಡಿ ಅದು, ನಾಲ್ಕು ಬೆರಳಿಗಿಂತ ಹಿಂದೆ ಬರದು ಎಂದು ಅವನಷ್ಟು ಬಲ್ಲವರು ಇರಲಿಲ್ಲ. ಎರಡು ಕ್ವಿಂಟಲ್ ಕಬ್ಬಿಣ ಸದ್ದಿಲ್ಲದೆ ಹಿಂದಕ್ಕೆ ಬಂತು. ಕೈಯ ಮೇಲೆ ಹಾದು ಮೊಳದ ತುದಿ ಮುಟ್ಟಿತು. ಆಮೇಲೆ, ಹೇಳಿಕೊಟ್ಟ ಹಾಗೆಯೇ, ಅದೇ ಕೈಯ ಮೇಲೆ ಮುಂದಕ್ಕೆ ಹೋಗಿ ಗುರುತಿನಲ್ಲಿ ಕರಾರುವಾಕ್ಕಾಗಿ ನಿಂತಿತು.

ಆಸ್ಪತ್ರೆಯಲ್ಲಿ ಮಾಲೀಕರು ಕೇಳಿದಾಗ ಬಸವಲಿಂಗ "ನಂದ ತಪ್ಪ್ರಿ, ಲಕ್ಷ್ಯ ಇರಲಿಲ್ಲ" ಎಂದ. ಅವರು ಹೋದ ಮೇಲೆ ಸಿದ್ರಾಮಪ್ಪ ಮಂಚದ ಕಂಬಿ ಹಿಡಿದು ಅತ್ತ.

"ಸುಮ್ನಿರು. ನಿನ್ನ ಹೇಣ್ತಿ ಬಸುರಿ" ಎಂದ ಬಸವಲಿಂಗ. "ನನ್ನ ಕೈ ಅಂತೂ ಹೋತು. ನಿನ್ನ ಕೈಯಾಗಿನ ಕೆಲಸರ ಇರ್ಲಿ."

ಆ ಕೆಲಸ ಐದು ವರ್ಷವೂ ಬಾಳಲಿಲ್ಲ. ಗೊಂಬೆ ಊರು, ಹೊಗೆ, ದೀಪ ಎಲ್ಲ ಕಂಪ್ಯೂಟರಿನ ಒಳಗೇ ಹುಟ್ಟತೊಡಗಿದವು. ಗಾಡಿಯನ್ನು ಗ್ಯಾಸಿನಿಂದ ಕತ್ತರಿಸಿ ಗುಜರಿಗೆ ಹಾಕಿದರು. ಸುದ್ದಿ ಕೇಳಿದ ಬಸವಲಿಂಗ ಹಲ್ಲಿನ ಚಕ್ರವೊಂದು ಸಿಗಬಹುದೇ ಎಂದು ಚಾಕಣದಿಂದ ಬಂದಿದ್ದ. ಅಷ್ಟರಲ್ಲಿ ಲಾರಿ ಹೋಗಿತ್ತು.

*

ಲಿಂಗಾಯತರ ರುದ್ರಭೂಮಿಯಲ್ಲಿ ಕುಣಿ ತೋಡಿ ಮುಗಿದಿತ್ತು. ಒಳಗಿನ ಗೂಡಿನಲ್ಲಿ ಬಸವಲಿಂಗನನ್ನು ಕೂರಿಸಿದರು.

"ಅಂಗೈ ಕೆಳಗ ಕೈ ಕೊಟ್ಟ ಯಾರರ ಕೂಡಬೇಕು" ಎಂದರು ಅಯ್ಯನವರು. "ವಿಭೂತಿ, ಪತ್ರಿ, ಉಪ್ಪು ಸುತ್ತ ತುಂಬೂತನಕ."

ರಂಜನಾ ಸೆರಗು ಬಿಗಿದು ಕುಣಿಯ ಅಂಚಿಗೆ ಬಂದಳು. ಸಿದ್ರಾಮಪ್ಪ ಅಡ್ಡ ನಿಂತ.

"ವೈನಿ, ಬಸಣ್ಣ ಎಚ್ಚರಗೇಡಿ ಅಲ್ಲ. ಗಾಡಿ ಹಿಂದ ಬರೂ ಅಳತಿ ನಾ ಬದಲ ಮಾಡಿದ್ದೆ, ಅವಗ ಹೇಳ್ಲಿಲ್ಲ. ತಪ್ಪು ನಂದು. ನನ್ನ ಉಳಸಾಕ ಅಂವ ಸುಳ್ಳ ಹೇಳಿದ."

ಎದೆಯ ಭಾರ ಇಳಿದೀತೆಂದು ಅವನು ಕಾದ. ಬಯ್ಯಲಿ, ಕೆನ್ನೆಗೆ ಹೊಡೆಯಲಿ, ಕ್ಷಮಿಸಿದರೂ ಕ್ಷಮಿಸಲಿ. ರಂಜನಾ ಕುಣಿಯೊಳಗಿನ ಗಂಡನ ಮುಖವನ್ನೇ ನೋಡುತ್ತಿದ್ದಳು.

"ನಿನ್ನೆ ಮುಂಜಾನಿನೂ ಬೈದೀನಿ" ಎಂದಳು. ದನಿ ಏರಲಿಲ್ಲ. "ಅವರಿದ್ದಾಗ ಹೇಳಿದ್ರ ಅವರ ಕಾಲ ಹಿಡೀತಿದ್ದೆ. ಈಗ ಹೇಳಿದ್ರಲ್ಲಾ, ನಾ ಆಡಿದ ಮಾತೆಲ್ಲಾ ಎಲ್ಲಿ ಒಯ್ದ ಇಡ್ಲಿ?"

ತನ್ನ ಹೊರೆಯನ್ನು ಇಳಿಸಿ ಈ ಹೆಂಗಸಿನ ತಲೆಯ ಮೇಲೆ ಇಟ್ಟೆನೆಂದು ಸಿದ್ರಾಮಪ್ಪನಿಗೆ ಆಗ ತಿಳಿಯಿತು.

"ಒಂಬತ್ತ ವರ್ಷ ನಾ ಹಿಡದೀನಿ" ಎಂದಳು ಅವಳು, ಪಕ್ಕಕ್ಕೆ ಸರಿದು. "ಇವತ್ತ ನೀವ ಇಳೀರಿ."

ಅವನು ಇಳಿದ. ಮಂಡಿಯೂರಿ, ತನ್ನ ಇಡೀ ಅಂಗೈಯನ್ನು ಆ ಅರ್ಧ ಅಂಗೈ ಕೆಳಗೆ ಕೊಟ್ಟ. ಕೈ ತಣ್ಣಗಿತ್ತು. ಅಯ್ಯನವರು ಲಿಂಗ ಇಟ್ಟರು, ಅದು ನಿಂತಿತು. ಮೇಲಿನಿಂದ ವಿಭೂತಿ ಗಟ್ಟಿಗಳು, ಪತ್ರಿ, ಹಿಡಿ ಹಿಡಿ ಉಪ್ಪು ಬಿದ್ದವು. ಆಮೇಲೆ ಮಣ್ಣು. ಮಣ್ಣು ಅವನ ಮಣಿಕಟ್ಟು ಮುಚ್ಚಿತು.

"ಸಾಕ್ರಿ, ಕೈ ತಗೀರಿ" ಎಂದರು ಯಾರೋ.

ಅವನು ಮೊದಲು ಕೈಯನ್ನು ನಾಲ್ಕು ಬೆರಳಷ್ಟು ಒಳಕ್ಕೆ ಒತ್ತಿದ, ಆಮೇಲೆ ಅಲುಗದ ಹಾಗೆ ಮೆಲ್ಲಗೆ ಹೊರಕ್ಕೆ ಎಳೆದುಕೊಂಡ. ಲಿಂಗ ಅಲ್ಲಾಡಲಿಲ್ಲ. ಅದರ ಕೆಳಗೆ ಮಣ್ಣಿನಲ್ಲಿ ಐದು ಬೆರಳಿನ ಪೊಟರೆಯೊಂದು ಹಾಗೆಯೇ ಉಳಿಯಿತು. ಮೇಲಿನಿಂದ ಇನ್ನೊಂದು ಬುಟ್ಟಿ ಮಣ್ಣು ಬಿದ್ದು ಅದನ್ನೂ ತುಂಬಿತು.